ಯಾವ ಬಾಬ್ತಿಗೂ ಸೇರದ ಕೋಣೆ

ನಮ್ಮ ಭಾವನಿಗೆ ಎರಡು ಹೆಮ್ಮೆ. ಬದುಕಿನಲ್ಲಿ ಯಾರ ಹತ್ತಿರವೂ ಮೋಸ ಹೋಗಿಲ್ಲ ಎನ್ನುವುದು ಒಂದು. ತಮ್ಮ ಮೇಜಿಗೆ ಬಂದ ಯಾವ ಅಂದಾಜುಪಟ್ಟಿಯೂ ಬಂದ ಹಾಗೆಯೇ ವಾಪಸು ಹೋಗಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಾನು ಒಪ್ಪುತ್ತೇನೆ. ಮೋಸ ಹೋಗಬೇಕಾದರೆ ಮೊದಲು ಏನನ್ನಾದರೂ ಕೊಳ್ಳಬೇಕು. ಭಾವ ಏನನ್ನೂ ಕೊಳ್ಳುವ ಪೈಕಿಯವರಲ್ಲ.

ಎರಡನೆಯದೂ ನಿಜವೇ. ಕಟ್ಟಡ ಕಟ್ಟಿಸುವ ಒಂದು ಕಚೇರಿಯಲ್ಲಿ ಅವರು ಗುಮಾಸ್ತರಾಗಿ ಸೇರಿ, ಅಲ್ಲೇ ತಲೆ ನೆರೆತು, ಅಲ್ಲೇ ನಿವೃತ್ತರಾದರು. ಇಂಜಿನಿಯರುಗಳು ಬರೆದು ಕಳಿಸಿದ ಅಂದಾಜುಗಳನ್ನು ಓದಿ, ಕೆಂಪು ಪೆನ್ಸಿಲು ಹಿಡಿದು ಕತ್ತರಿಸುವುದು ಅವರ ಕೆಲಸ. ಸ್ವತಃ ನಿಂತು ಒಂದು ಗೋಡೆ ಕಟ್ಟಿಸಿದವರಲ್ಲ, ಒಂದು ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು ನೋಡಿದವರಲ್ಲ. ಆದರೂ ಮರಳು ಹೆಚ್ಚಾಯಿತು, ಸಿಮೆಂಟು ಇಷ್ಟು ಬೇಡ, ಬಾಗಿಲಿಗೆ ಮೂರು ಕೀಲು ಯಾಕೆ ಎರಡು ಸಾಕು ಎಂದು ಕತ್ತರಿಸುತ್ತಲೇ ಸಂಬಳ ಎಣಿಸಿದರು. ಆ ಊರಿನ ಸರ್ಕಾರಿ ಬಾಗಿಲುಗಳೆಲ್ಲ ಯಾಕೆ ಜೋತು ಬಿದ್ದಿವೆ ಎಂದು ಯಾರಾದರೂ ಕೇಳಿದರೆ ನಾನು ನಮ್ಮ ಭಾವನನ್ನು ತೋರಿಸುತ್ತೇನೆ. ಇಷ್ಟೆಲ್ಲ ಕತ್ತರಿಸಿದ ಮನುಷ್ಯ ಮನೆಯಲ್ಲಿ ಒಂದು ಈರುಳ್ಳಿ ಕತ್ತರಿಸಿದ್ದನ್ನು ಮಾತ್ರ ನನ್ನ ಅಕ್ಕ ನೋಡಿಲ್ಲ.

ನಿವೃತ್ತರಾಗಿ ಬರುವಾಗ ಅವರು ಕಚೇರಿಯಿಂದ ಒಂದು ಗೋಡೆ ಗಡಿಯಾರವನ್ನೂ ಒಂದು ಪದವನ್ನೂ ತಂದರು. ಗಡಿಯಾರ ಬೇಗ ನಿಂತುಹೋಯಿತು. ಪದ ನಿಲ್ಲಲಿಲ್ಲ. ಆ ಪದ ‘ಬಾಬ್ತು’. ಕಚೇರಿಯಲ್ಲಿ ಪ್ರತಿ ಖರ್ಚೂ ಇಂಥ ಬಾಬ್ತಿನದು ಎಂದು ತೋರಿಸಬೇಕಂತೆ. ಮಣ್ಣು ಅಗೆದರೆ ಅದೊಂದು ಬಾಬ್ತು, ಕಲ್ಲು ತಂದರೆ ಅದೊಂದು ಬಾಬ್ತು, ಬಾಬ್ತು ಸಿಗದಿದ್ದರೆ ಕಾಸೂ ಸಿಗುವುದಿಲ್ಲ. ಕಚೇರಿಗೆ ಅದು ಸರಿ ಇದ್ದೀತು. ಭಾವ ಅದನ್ನು ಅಡುಗೆಮನೆಗೆ ತಂದರು. ಅಕ್ಕ ಹೊಸ ಪೊರಕೆ ಕೇಳಿದರೆ "ಯಾವ ಬಾಬ್ತು?" ಎನ್ನುವರು. ನಾನು ಹೋದಾಗ ಅಕ್ಕ ಎರಡನೇ ಸಲ ಟೀಗೆ ನೀರಿಟ್ಟರೆ, "ನಾದಿನಿ ಬಾಬ್ತು ಆಗಲೇ ಮುಗೀತಲ್ಲ" ಎಂದು ತಮಗೆ ತಾವೇ ನಗುವರು. ಅದನ್ನು ಅವರು ತಮಾಷೆ ಎಂದುಕೊಂಡಿದ್ದರು. ನನಗೆ ಮೈ ಉರಿಯುತ್ತಿತ್ತು.

ಅಕ್ಕನ ಮನೆ ಇರುವುದು ಇಳಿಜಾರಿನ ಬೀದಿಯಲ್ಲಿ. ನಮ್ಮ ಮನೆಯಿಂದ ಕೂಗಳತೆ ದೂರ. ಏರನ್ನು ಕಡಿದು ಮಟ್ಟ ಮಾಡಿ ಕಟ್ಟಿದ್ದರಿಂದ ಮುಂದಿನಿಂದ ನೋಡಿದರೆ ಲಕ್ಷಣವಾಗಿದೆ. ಹಿಂದಕ್ಕೆ ಹೋದರೆ ಆಳೆತ್ತರಕ್ಕೂ ಮಿಕ್ಕಿದ ಮಣ್ಣಿನ ದಿಬ್ಬ ಎದೆಗೆ ಎದೆ ಕೊಟ್ಟು ನಿಂತಿದೆ. ಮನೆಗೂ ದಿಬ್ಬಕ್ಕೂ ನಡುವಿನ ಜಾಗದಲ್ಲಿ ತೆಳು ಇಟ್ಟಿಗೆಯ ಗೋಡೆ ಎಬ್ಬಿಸಿ ಮೇಲೆ ತಗಡು ಹೊದಿಸಿದ ಕೋಣೆ ಅಕ್ಕನದು. ಅಲ್ಲಿ ಅವಳ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಹೊಡೆದ ಮೊಳೆಗಳಲ್ಲಿ ದಾರದ ಉರುಳೆಗಳು. ಮಕ್ಕಳ ಶಾಲೆ ಅಂಗಿ, ಕಿಟಕಿ ಪರದೆ, ದಿಂಬಿನ ಚೀಲ, ಯಾರದೋ ಪ್ಯಾಂಟಿನ ಸೊಂಟ ಬಿಡಿಸುವುದು, ಹೀಗೆ ಬೀದಿಯ ಹೊಲಿಗೆಯೆಲ್ಲ ಅವಳದೇ. ಹಿಂದಿನ ಕಿಟಕಿಗೆ ದಿಬ್ಬ ಅಡ್ಡವಾಗಿ, ಬೆಳಕು ಅಡುಗೆಮನೆಗೆ ತೆರೆಯುವ ಬಾಗಿಲಿಂದ ಮಾತ್ರ ಬರುವುದರಿಂದ ಮಿಷನ್ನು ಬಾಗಿಲಿಗೆ ಮುಖ ಮಾಡಿತ್ತು. ಹಾಗಾಗಿ ಅಕ್ಕ ಇಡೀ ದಿನ ದಿಬ್ಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು.

ಆ ಕೋಣೆಯ ಹಿಂಗೋಡೆಗೂ ದಿಬ್ಬಕ್ಕೂ ನಡುವೆ ಮೊದಲು ಒಬ್ಬರು ಆರಾಮಾಗಿ ಓಡಾಡುವಷ್ಟು ಸಂದಿ ಇತ್ತು. ಮಳೆ ಬಂದಾಗಲೆಲ್ಲ ಮಣ್ಣು ಜಾರಿ ಜಾರಿ ಆ ಸಂದಿ ತುಂಬಿತು. ಆಮೇಲೆ ಮಣ್ಣು ಕೋಣೆಯ ಗೋಡೆಗೇ ಒರಗಿ ಮೇಲೇರುತ್ತಾ ಕಿಟಕಿಯ ಅಂಚಿಗೆ ಬಂತು. ಅಕ್ಕ ಕಿಟಕಿಗೆ ಹಲಗೆ ಹೊಡೆಸಿದಳು. ಹಲಗೆಯ ಸಂದಿನಿಂದ ಕೆಂಪು ಧೂಳು ಉದುರಿ ಶಾಲೆಯ ಬಿಳಿ ಅಂಗಿಗಳ ಮೇಲೆ ಕೂತಾಗ, "ರೀ, ಹಿಂದೆ ಒಂದು ತಡೆಗೋಡೆ ಕಟ್ಟಿಸೋಣ" ಎಂದು ಕೇಳಿದಳು.

ತನಗಾಗಿ ಅವಳು ಕೇಳಿದ್ದು ಅದೊಂದೇ. ಗುಂಡಿ ಹಾಕಲು ಆ ಕೋಣೆಯಲ್ಲಿ ಕೂತರೆ ನಾನು ದಿಬ್ಬದ ಕಡೆಗೇ ಮುಖ ಮಾಡಿ ಕೂರುತ್ತಿದ್ದೆ. ದಿಬ್ಬ ಒಂದು ದಿನ ಬಂದರೆ ಮೊದಲು ಬರುವುದು ನನ್ನ ಅಕ್ಕನ ಬೆನ್ನ ಮೇಲೆ.

ಭಾವನಿಗೆ ಮಾತ್ರ ಹಬ್ಬವೇ ಆಯಿತು. ನಿವೃತ್ತರಾದ ಮೇಲೆ ಕತ್ತರಿಸಲು ಏನೂ ಸಿಗದೆ ಬಳಲಿದ್ದರು. ಈಗ ಸ್ವಂತ ಮನೆಯಲ್ಲೇ ಒಂದು ಕಾಮಗಾರಿ! ಪೆಟ್ಟಿಗೆಯಿಂದ ಅಳತೆ ಟೇಪು ಹೊರಬಂತು, ಕೆಂಪು ಪೆನ್ಸಿಲು ಚೂಪಾಯಿತು, ಮುಂದಿನ ಕೋಣೆಯ ಆರಾಮಕುರ್ಚಿಯ ಪಕ್ಕಕ್ಕೆ ಒಂದು ಸಣ್ಣ ಮೇಜು ಬಂತು. ಟೇಪಿನ ಒಂದು ತುದಿ ಹಿಡಿಯುವುದು ಅಕ್ಕನ ಕೆಲಸ. ಒಲೆಯ ಮೇಲೆ ಹಾಲಿಟ್ಟು ಅವಳು ಮಣ್ಣಿನ ಮೇಲೆ ನಿಂತಿರುವಳು, ಭಾವ ಕನ್ನಡಕ ಒರೆಸುತ್ತಿರುವರು. ಹಾಲು ಉಕ್ಕಿ ಹೋದದ್ದು ಯಾವ ಬಾಬ್ತಿಗೆ ಸೇರಿತೋ ನಾನು ಕೇಳಲಿಲ್ಲ.

ಮೇಸ್ತ್ರಿಯನ್ನು ಕರೆಸಿದರು. ಈ ಮೇಸ್ತ್ರಿಯನ್ನೂ ನಾನು ಹೊಗಳಲು ಹೊರಟಿಲ್ಲ. ಕಿವಿಯ ಸಂದಿಗೆ ಬೀಡಿ ಸಿಕ್ಕಿಸಿಕೊಂಡು, ಹೋದಲ್ಲೆಲ್ಲ "ಈ ಮನೆ ಕಟ್ಟಿದ ಪುಣ್ಯಾತ್ಮ ಯಾರು?" ಎಂದು ಮೂಗು ಮುರಿಯುವ ಆಸಾಮಿ. ಆ ಮನೆಯ ಮುಂಭಾಗ ಕಟ್ಟಿದ್ದು ಅವನೇ ಎಂದು ಅಕ್ಕ ನೆನಪಿಸಿದಾಗ "ಅದಕ್ಕೇ ಮುಂಭಾಗ ಚೆನ್ನಾಗಿದೆ" ಎಂದ. ಭಾವ ಎಷ್ಟು ಹೇಳಿದರೂ ಅರ್ಧಕ್ಕೆ ಇಳಿಸುತ್ತಾರೆಂದು ಅವನಿಗೆ ಗೊತ್ತು, ಅದಕ್ಕೆ ಮೊದಲೇ ಎರಡರಷ್ಟು ಹೇಳುತ್ತಿದ್ದ. ಅವನು ಎರಡರಷ್ಟು ಹೇಳುತ್ತಾನೆಂದು ಭಾವನಿಗೆ ಗೊತ್ತು, ಅದಕ್ಕೆ ಕಾಲು ಭಾಗಕ್ಕೆ ಇಳಿಸುತ್ತಿದ್ದರು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಒಳಗೊಳಗೇ ಪ್ರೀತಿ ಇತ್ತೆಂದು ನನ್ನ ಗುಮಾನಿ.

ಮೇಸ್ತ್ರಿ ಕೋಣೆಯ ಹಿಂಗೋಡೆಗೆ ಅಂಗೈ ಒತ್ತಿ ನೋಡಿ, ಭಾವನ ಕಡೆ ತಿರುಗಿ ಗಂಭೀರವಾಗಿ ಹೇಳಿದ. "ಹೊಟ್ಟೆ ಬಂದ್ಬಿಟ್ಟಿದೆ ಸಾರ್. ನೀವು ಗಮನಿಸಿಲ್ವಾ? ಹೀಗೇ ಬಿಟ್ರೆ ಒಂದಿನ ಒಡೆದುಹೋಗುತ್ತೆ."

ಭಾವ ತಟ್ಟನೆ ಉಸಿರು ಒಳಗೆಳೆದುಕೊಂಡು ಅಂಗಿ ಕೆಳಗೆ ಜಗ್ಗಿದರು. "ನನ್ನ ಹೊಟ್ಟೆ ವಿಚಾರ ನಿನಗ್ಯಾಕಯ್ಯ? ಕೂತು ಕೆಲಸ ಮಾಡಿದವರಿಗೆ ಬರುತ್ತೆ. ಒಡೆದುಹೋಗುತ್ತಂತೆ!"

"ನಿಮ್ಮದಲ್ಲ ಸಾರ್, ಗೋಡೇದು."

ಗೋಡೆ ಮಣ್ಣಿನ ಒತ್ತಡಕ್ಕೆ ಉಬ್ಬಿದರೆ ಕಟ್ಟುವವರ ಮಾತಿನಲ್ಲಿ ಅದಕ್ಕೆ ಹೊಟ್ಟೆ ಬಂತು ಅನ್ನುತ್ತಾರೆ. ಸಾವಿರ ಗೋಡೆಗಳನ್ನು ಕಾಗದದ ಮೇಲೆ ಕತ್ತರಿಸಿದ ನಮ್ಮ ಭಾವನಿಗೆ ಆ ಮಾತು ಅಂದೇ ಕಿವಿಗೆ ಬಿದ್ದದ್ದು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದೆ. ಅಕ್ಕ ನಗಲಿಲ್ಲ. ಅವಳು ಆ ಉಬ್ಬನ್ನೇ ನೋಡುತ್ತಿದ್ದಳು. ದಿನಾ ಬೆನ್ನು ಕೊಟ್ಟು ಕೂರುವ ಗೋಡೆಯನ್ನು ಅವಳು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು ಇರಬೇಕು.

ಆ ದಿನ ಮಾತುಕತೆ ಮುರಿದದ್ದು ತೂತಿನ ಮೇಲೆ. ಸಂದಿಯ ಮಣ್ಣು ತೆಗೆದು ಕಲ್ಲಿನ ಗೋಡೆ ಎಬ್ಬಿಸಿದರೆ, ಅದರ ಹಿಂದೆ ನೀರು ನಿಲ್ಲದಂತೆ ಅಲ್ಲಲ್ಲಿ ತೂತು ಬಿಟ್ಟು ಪೈಪಿನ ತುಂಡು ಇಡಬೇಕು ಎಂದ ಮೇಸ್ತ್ರಿ. ತೂತೊಂದಕ್ಕೆ ಇಷ್ಟು ಎಂದು ಲೆಕ್ಕವನ್ನೂ ಹೇಳಿದ. ಭಾವನ ಮುಖ ಅರಳಿತು. ಅವರು ಕಾಯುತ್ತಿದ್ದದ್ದು ಇಂಥದಕ್ಕೇ.

"ತೂತು ಅಂದ್ರೆ ಏನಯ್ಯ? ಅಲ್ಲಿ ಕಲ್ಲಿಲ್ಲ, ಸಿಮೆಂಟಿಲ್ಲ. ಇಲ್ಲದೇ ಇರೋದಕ್ಕೆ ನಾನು ದುಡ್ಡು ಕೊಡಬೇಕಾ? ನ್ಯಾಯವಾಗಿ ಅಷ್ಟೂ ತೂತಿನ ಕಲ್ಲು ನೀನೇ ಕಳೀಬೇಕು."

ಮೇಸ್ತ್ರಿ ಬೀಡಿ ಕೈಗೆ ತೆಗೆದುಕೊಂಡ. "ಹಂಗಾದ್ರೆ ಇಡೀ ಗೋಡೆನೇ ತೂತು ಬಿಟ್ಬಿಡೋಣ ಸಾರ್. ಪೂರ್ತಿ ಬಿಟ್ಟಿ ಆಗುತ್ತೆ."

ಹೇಳಿದವನೇ ಹೊರಟುಹೋದ. ಭಾವ ಗೆದ್ದವರ ಹಾಗೆ ಟೇಪು ಸುತ್ತಿಕೊಂಡರು. "ನೋಡಿದ್ಯಾ, ಉತ್ತರ ಇಲ್ಲ ಅವನ ಹತ್ರ" ಎಂದು ಅಕ್ಕನಿಗೆ ಹೇಳಿದರು.

ಅಲ್ಲಿಂದ ಮುಂದೆ ಆ ಗೋಡೆ ಕಾಗದದ ಮೇಲೆ ದಿನದಿನಕ್ಕೆ ಕುಗ್ಗಿತು. ಮನೆಯ ಅಗಲಕ್ಕೂ ಇರಬೇಕಾದದ್ದು ಮೊದಲು ಮೋಟಾಯಿತು. ಅಡುಗೆಮನೆಯ ಹಿಂದೆ ಯಾಕೆ, ಅಡುಗೆಮನೆಗೆ ಅದರದೇ ಗೋಡೆ ಇದೆ ಎಂದರು. ಆಮೇಲೆ ಎತ್ತರ ಇಳಿಯಿತು. ಮಣ್ಣಿನ ಭಾರವೆಲ್ಲ ಕೆಳಗಿರುತ್ತದೆ, ಮೇಲಿನದು ಹಗುರ ಎಂದು ಒಂದು ಸಿದ್ಧಾಂತ ಹೊರಡಿಸಿದರು. ಆಮೇಲೆ ಪಾಯ ಹೋಯಿತು. "ನೆಲದೊಳಗೆ ಹೂತು ಹಾಕೋ ಕಲ್ಲನ್ನ ಯಾರು ನೋಡ್ತಾರೆ?" ಪ್ರತಿ ಸಲ ಕತ್ತರಿಸಿದಾಗಲೂ ಅವರ ಮುಖದಲ್ಲಿ ಸ್ನಾನ ಮಾಡಿ ಬಂದ ಕಳೆ. ಹೀಗೆ ಒಂದು ಮಳೆಗಾಲ ಬಂದು ಹೋಯಿತು, ಇನ್ನೊಂದು ಬಂತು. ದಿಬ್ಬ ಮಾತ್ರ ಭಾವನ ಅಂದಾಜನ್ನು ಓದುತ್ತಿರಲಿಲ್ಲ. ಹಲಗೆಯ ಮೇಲಿನ ಸಂದಿನಿಂದಲೂ ಮಣ್ಣು ಬೀಳತೊಡಗಿತು. ಅಕ್ಕ ಹೊಲಿಯುವ ಮೊದಲು ಮಿಷನ್ನಿನ ಮೇಲಿನ ಮಣ್ಣು ಕೊಡವುವುದನ್ನು ಅಭ್ಯಾಸ ಮಾಡಿಕೊಂಡಳು. ನಾನು ಬಾಯಿ ಬಿಟ್ಟರೆ, "ಬಿಡೇ, ಅವರಿಗೊಂದು ಕೆಲಸ ಬೇಕಲ್ಲ" ಎನ್ನುವಳು. ಅವಳ ತಾಳ್ಮೆ ಕಂಡರೂ ನನಗೆ ಸಿಟ್ಟು ಬರುತ್ತಿತ್ತು.

ಕೊನೆಯ ಅಂದಾಜನ್ನು ಭಾವ ನಮ್ಮಿಬ್ಬರನ್ನೂ ಕೂರಿಸಿ ಗಟ್ಟಿಯಾಗಿ ಓದಿದರು. ಅಕ್ಕನ ಮಡಿಲಲ್ಲಿ ಯಾರದೋ ಅಂಗಿ ಇತ್ತು, ತೋಳಿನ ಅಂಚು ಕೈಯಲ್ಲಿ ಹೊಲಿಯುತ್ತಿದ್ದಳು. ಭಾವ ಗಂಟಲು ಸರಿ ಮಾಡಿಕೊಂಡರು.

"ಯಾವ ಕಾಮಗಾರಿಗೂ ಮೊದಲು ಕೇಳಬೇಕಾದ ಪ್ರಶ್ನೆ, ಇದರಿಂದ ರಕ್ಷಣೆ ಆಗೋದು ಏನು ಅಂತ. ಇಷ್ಟು ದಿನ ನಾನೂ ಅದನ್ನ ಮರೆತಿದ್ದೆ ನೋಡು. ಹಿಂದಿನ ಕೋಣೇಲಿ ಏನಿದೆ? ತಗಡು. ಹಳೇದು, ಬೆಲೆ ಇಲ್ಲ. ಇಟ್ಟಿಗೆ ಗೋಡೆ. ಹೊಟ್ಟೆ ಬಂದಿದೆ, ಬೆಲೆ ಇಲ್ಲ. ಮೇಜು, ಒಂದು ಕಾಲು ಕುಂಟು. ಮಿಷನ್ನು, ನಿಮ್ಮಮ್ಮ ಕೊಟ್ಟಿದ್ದು, ಗುಜರಿಯವನೂ ಮುಟ್ಟಲ್ಲ. ಎಲ್ಲಾ ಬಾಬ್ತು ಕೂಡಿಸಿದ್ರೂ ಗೋಡೆಗೆ ತಗಲೋದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಅಂದ್ರೆ ಈ ಗೋಡೆಯೇ ಅನಗತ್ಯ. ಪೂರ್ತಿ ಉಳಿತಾಯ!"

ತಮ್ಮ ಜೀವಮಾನದ ಅತಿ ದೊಡ್ಡ ಕತ್ತರಿ ಪ್ರಯೋಗ ಮಾಡಿ ಅವರು ಕನ್ನಡಕ ತೆಗೆದು ನಮ್ಮ ಮುಖ ನೋಡಿದರು. ಚಪ್ಪಾಳೆ ನಿರೀಕ್ಷಿಸಿದ್ದರೋ ಏನೋ.

"ಭಾವ, ಅಕ್ಕನ ಮರೆತ್ರಿ. ಆ ಕೋಣೇಲಿ ಅಕ್ಕನೂ ಇರ್ತಾಳೆ."

"ಮರೆತಿಲ್ಲಮ್ಮ. ಯೋಚನೆ ಮಾಡಿದೀನಿ. ಅವಳು ಯಾವ ಬಾಬ್ತಿಗೂ ಸೇರಲ್ಲ. ಕಟ್ಟಡ ಅಲ್ಲ, ಸಾಮಾನೂ ಅಲ್ಲ. ಮನುಷ್ಯರು ಚರ, ಎದ್ದು ಓಡಾಡ್ತಾರೆ. ಮಣ್ಣು ಬರೋ ಸದ್ದಾದ್ರೆ ಎದ್ದು ಈಚೆ ಬಂದ್ರಾಯ್ತು. ಕಾಲಿಲ್ವಾ ಅವಳಿಗೆ?"

ನನಗೆ ನಾಲಿಗೆಯ ತುದಿಗೆ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅಕ್ಕ ಸೂಜಿ ಎಳೆದು, ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, ಅಂಗಿಯನ್ನು ಮಡಿಸಿಟ್ಟಳು. "ಸರಿ ಬಿಡಿ" ಎಂದಷ್ಟೇ ಅಂದು ಒಳಗೆ ಹೋದಳು. ಭಾವ ಕಾಗದದ ಕೆಳಗೆ ಎರಡು ಗೆರೆ ಎಳೆದರು.

ಮರುದಿನ ಬೆಳಿಗ್ಗೆ ಭಾವ ವಾಕಿಂಗಿಗೆ ಹೋದ ಮೇಲೆ ಅಕ್ಕ ನನ್ನನ್ನು ಕರೆದಳು. ನಾನು ಹೋಗಿ ನೋಡಿದರೆ ಅವಳು ಸೆರಗು ಬಿಗಿದು ಮಿಷನ್ನಿನ ಒಂದು ಕಡೆ ಹಿಡಿದು ನಿಂತಿದ್ದಳು. "ಹಿಡಿ ಆ ಕಡೆ" ಎಂದಳು. ಏನು, ಎತ್ತ ಎಂದು ಕೇಳದೆ ಹಿಡಿದೆ. ಮಿಷನ್ನು, ಕುಂಟು ಮೇಜು, ದಾರದ ಉರುಳೆಗಳು, ಹೊಲಿದ ಬಟ್ಟೆಯ ಗಂಟುಗಳು ಎಲ್ಲವೂ ಮುಂದಿನ ಕೋಣೆಗೆ ಬಂದವು. ಭಾವನ ಆರಾಮಕುರ್ಚಿ, ಸಣ್ಣ ಮೇಜು, ರೇಡಿಯೋ, ನಿಂತ ಗಡಿಯಾರ, ಕಾಗದದ ಕಟ್ಟುಗಳು, ಪೆನ್ಸಿಲು ಡಬ್ಬಿ ಎಲ್ಲವೂ ಹಿಂದಿನ ಕೋಣೆಗೆ ಹೋದವು. ಅಕ್ಕ ಅವರ ಕುರ್ಚಿಯನ್ನು ತನ್ನ ಮಿಷನ್ನು ಇದ್ದ ಜಾಗದಲ್ಲೇ ಇಟ್ಟು, ಬಾಗಿಲಿಗೆ ಮುಖ ಮಾಡಿ ತಿರುಗಿಸಿದಳು. ಓದಲು ಬೆಳಕು ಬೇಕಲ್ಲ ಎಂದಳು. ದಿಂಬನ್ನೂ ತಟ್ಟಿ ಇಟ್ಟಳು.

ಭಾವ ವಾಪಸು ಬಂದವರು ಹೊಸಿಲಲ್ಲೇ ನಿಂತರು.

"ಏನಿದು?"

"ನಾನು ಚರ ಅಲ್ವಾ, ಬಂದೆ" ಎಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತಾ. "ಇಲ್ಲಿ ಬೆಳಕು ಚೆನ್ನಾಗಿದೆ. ಗಿರಾಕಿಗಳಿಗೂ ಅನುಕೂಲ. ನಿಮ್ಮದೆಲ್ಲ ಹಿಂದೆ ನೀಟಾಗಿ ಇಟ್ಟಿದೀನಿ."

"ಹಿಂದೆ? ಆ ಕೋಣೇಲಾ?"

"ಯಾಕ್ರೀ? ಗೋಡೆ ಅನಗತ್ಯ ಅಂದ್ರಲ್ಲ."

ಭಾವ ಚಪ್ಪಲಿ ಬಿಟ್ಟು ಒಳಗೆ ಬಂದರು. ಹಿಂದಿನ ಕೋಣೆಯಲ್ಲಿ ಕೂರಲಾರೆ ಎಂದರೆ ತಮ್ಮ ಅಂದಾಜು ತಪ್ಪು ಎಂದು ಒಪ್ಪಬೇಕು. ಅದಕ್ಕಿಂತ ದಿಬ್ಬ ಮೈಮೇಲೆ ಬೀಳುವುದೇ ವಾಸಿ ಎನ್ನುವ ಜಾತಿಯ ಮನುಷ್ಯ ಅವರು. ತಲೆಯೆತ್ತಿಕೊಂಡು ಹಿಂದಕ್ಕೆ ಹೋಗಿ, ಕುರ್ಚಿಯಲ್ಲಿ ಕೂತು, ರೇಡಿಯೋ ಜೋರಾಗಿ ಹಾಕಿದರು.

ರೇಡಿಯೋ ಜೋರು ಬಹಳ ಹೊತ್ತು ಉಳಿಯಲಿಲ್ಲ. ಸದ್ದು ಇಳಿಸಿ ಏನನ್ನೋ ಆಲಿಸುವರು. ತಗಡಿನ ಮೇಲೆ ಒಂದು ಹಿಡಿ ಮಣ್ಣು ಉದುರಿದರೆ ಕತ್ತು ಒಳಗೆಳೆದುಕೊಳ್ಳುವರು. ಆ ವಾರ ಮೋಡವೂ ಕಟ್ಟಿತು, ಸಣ್ಣಗೆ ಮಳೆಯೂ ಹಿಡಿಯಿತು. ನಾನು ಹೋದಾಗಲೆಲ್ಲ ಕುರ್ಚಿ ಬಾಗಿಲಿಗೆ ಇನ್ನಷ್ಟು ಹತ್ತಿರ ಬಂದಿರುತ್ತಿತ್ತು. ಕಡೆಗೆ ಅದರ ಮುಂಗಾಲು ಎರಡೂ ಅಡುಗೆಮನೆಯಲ್ಲಿ, ಹಿಂಗಾಲು ಎರಡೂ ಕೋಣೆಯಲ್ಲಿ. "ಗಾಳಿ ಸಾಲದು" ಎನ್ನುತ್ತಿದ್ದರು ಭಾವ. ಅಕ್ಕ ಆ ಕುರ್ಚಿಯನ್ನು ಸುತ್ತಿ ಬಳಸಿ ಪಾತ್ರೆ ಹಿಡಿದು ಓಡಾಡುತ್ತಿದ್ದಳು. ನನಗಂತೂ ಎಷ್ಟು ನಕ್ಕರೂ ಸಾಲದು.

ಆಮೇಲೊಂದು ಮಧ್ಯಾಹ್ನ ಕಿಟಕಿಯ ಹಲಗೆ ಸಿಡಿದು ಒಂದು ಬುಟ್ಟಿಯಷ್ಟು ಮಣ್ಣು ಒಳಗೆ ಬಿತ್ತು. ಹೆಚ್ಚೇನೂ ಅಲ್ಲ. ಅಂಥದನ್ನು ಅಕ್ಕ ಎಷ್ಟೋ ಸಲ ಗುಡಿಸಿ ಎತ್ತಿ ಹಾಕಿ ಮತ್ತೆ ಹೊಲಿಯಲು ಕೂತಿದ್ದಳು. ಭಾವ ಬರಿಗಾಲಲ್ಲಿ ಬೀದಿಗೆ ಬಂದರು. ಮನೆಗೆ ವಾಪಸು ಬರದೆ ಹಾಗೆಯೇ ನೆಟ್ಟಗೆ ಮೇಸ್ತ್ರಿಯ ಮನೆಗೆ ಹೋದರು. ಅಲ್ಲಿ ಆದದ್ದನ್ನು ಮೇಸ್ತ್ರಿ ಬೀದಿಗೆಲ್ಲ ಸಾರಿದ್ದರಿಂದ ನನಗೂ ಗೊತ್ತಾಯಿತು.

"ನಾಳೆನೇ ಶುರು ಮಾಡು" ಅಂದರಂತೆ.

"ರೇಟು ಮಾತಾಡೋಣ ಸಾರ್" ಅಂದನಂತೆ ಇವನು, ಎರಡರಷ್ಟು ಹೇಳಲು ಸಜ್ಜಾಗಿ.

"ರೇಟು ಕಟ್ಕೊಂಡು ಏನಯ್ಯ! ನಾಳೆ ಬಾ ಅಂದೆ. ಪಾಯ ಆಳಕ್ಕೆ ತೆಗಿ. ತೂತು ಎಷ್ಟು ಬೇಕೋ ಅಷ್ಟು ಹಾಕು."

ಮೇಸ್ತ್ರಿಗೆ ತಬ್ಬಿಬ್ಬಾಗಿ ಬೀಡಿ ಹಚ್ಚಲು ಮರೆತುಹೋಯಿತಂತೆ. ಚೌಕಾಸಿ ಇಲ್ಲದ ಗಿರಾಕಿಯನ್ನು ನಂಬುವುದು ಹೇಗೆಂದು ಅವನು ಮುಂಗಡ ಕೇಳಿದನಂತೆ, ಭಾವ ಅಲ್ಲೇ ಜೇಬಿನಿಂದ ತೆಗೆದು ಕೊಟ್ಟರಂತೆ.

ಕೆಲಸ ಚುರುಕಾಗಿ ಸಾಗಿತು. ಸಂದಿಯ ಮಣ್ಣನ್ನು ಹೊರಗೆ ಸಾಗಿಸಿ ಪಾಯ ಅಗೆದರು. ಕಲ್ಲಿನ ಮೇಲೆ ಕಲ್ಲು ಏರಿ, ಮನೆಯ ಈ ತುದಿಯಿಂದ ಆ ತುದಿಗೆ ಗೋಡೆ ನಿಂತಿತು. ಪೈಪಿನ ಬಾಯಿಗಳು ಸಾಲಾಗಿ ಕಾಣುತ್ತಿದ್ದವು. ಕೋಣೆಯ ಉಬ್ಬಿದ ಗೋಡೆಯನ್ನೂ ಮೇಸ್ತ್ರಿ ಬಿಚ್ಚಿ ಕಟ್ಟಿದ. ಭಾವ ಪಕ್ಕದಲ್ಲೇ ನಿಂತು ಉಸ್ತುವಾರಿ ನಡೆಸಿದರು. ನೋಡಲು ಬಂದವರಿಗೆ, "ತಡೆಗೋಡೆ ಅಂದ್ಮೇಲೆ ಕಂಜೂಸ್ ಮಾಡಬಾರದು ನೋಡಿ, ಜೀವದ ಪ್ರಶ್ನೆ" ಎಂದು ಉಪದೇಶ ಬೇರೆ. ಪಕ್ಕದಲ್ಲಿದ್ದ ನಾನು ಅವರ ಮುಖವನ್ನೇ ದಿಟ್ಟಿಸಿದೆ. ಒಂದಿಷ್ಟೂ ನಾಚಿಕೆ ಇರಲಿಲ್ಲ.

ಗೋಡೆ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರು ಮುಂದಿನ ಕೋಣೆಗೆ ಬಂದರು. ನಾನು ಅಲ್ಲೇ ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದೆ. ಅಕ್ಕ ಮಿಷನ್ನು ತುಳಿಯುತ್ತಿದ್ದಳು. ಭಾವ ಬಹಳ ಉದಾರವಾದ ದನಿಯಲ್ಲಿ, "ಇನ್ನು ನಿನ್ನ ಮಿಷನ್ನು ಹಿಂದಕ್ಕೆ ಹಾಕ್ಕೋಬಹುದು ಕಣೇ. ಈಗ ಏನೂ ಭಯ ಇಲ್ಲ" ಎಂದರು.

ಅಕ್ಕ ಚಕ್ರಕ್ಕೆ ಅಂಗೈ ಕೊಟ್ಟು ನಿಲ್ಲಿಸಿದಳು. "ಮುಂಚೆ ಭಯ ಇತ್ತಾ?"

"ಇತ್ತಾ ಅಂತೀಯಲ್ಲ! ಬೆನ್ನ ಹಿಂದೆ ಅಷ್ಟು ದೊಡ್ಡ ದಿಬ್ಬ ಇಟ್ಕೊಂಡು ಕೂರೋದು ಅಂದ್ರೆ ಏನು ಅಂತ ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ. ಅಲ್ಲಿ ಕೂತವರಿಗೇ ಗೊತ್ತು ಅದು."

"ನಾನೂ ಅಲ್ಲೇ ಕೂತಿದ್ದೆ" ಎಂದಳು ಅಕ್ಕ.

ದನಿ ಏರಿಸಲಿಲ್ಲ, ಅಳಲಿಲ್ಲ. ಭಾವ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಕೈಯಲ್ಲಿದ್ದ ಕನ್ನಡಕವನ್ನು ಹಾಕಿಕೊಂಡು ಮತ್ತೆ ಅವಳನ್ನು ನೋಡಿದರು. ಅವರಿಗಾಗಿ ನಾನು ಎಷ್ಟೋ ಕಾಲದಿಂದ ಕೂಡಿಟ್ಟುಕೊಂಡಿದ್ದ ಮಾತುಗಳಿದ್ದವು. ಅವತ್ತು ಒಂದೂ ಬೇಕಾಗಲಿಲ್ಲ. ಅಕ್ಕ ಬಟ್ಟೆ ಸರಿ ಮಾಡಿಕೊಂಡು ಮತ್ತೆ ತುಳಿಯತೊಡಗಿದಳು, ಭಾವ ನಿಧಾನಕ್ಕೆ ಹಿಂದಿನ ಕೋಣೆಗೆ ಹೋದರು.